ಹತ್ತು ಗಂಟೆಗೆ ಮೈಕ್ ಬಂದ್ ಆಯಿತು. ಇನ್ನು ಬೆಳಗಿನವರೆಗೆ ಯಕ್ಷಗಾನ ಆಟ ಆಡಿಸುವುದು ಹೇಗೆ?

ಚೌಕಿ ಬಾಗಿಲು · ಭಾನುವಾರ ಬೆಳಿಗ್ಗೆ 9:12

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ಕರಾವಳಿಯ ಒಂದು ಸಣ್ಣ ಹಳ್ಳಿ. ಭಜನಾ ಮಂದಿರದ ಪಕ್ಕದ ಬಾಕಿಮಾರು ಗದ್ದೆಯಲ್ಲಿ ಪ್ರತಿ ವರ್ಷ ಹತ್ತು ಸಮಸ್ತರ ಆಟ, ಅಂದರೆ ಊರವರೆಲ್ಲ ಸೇರಿ ಆಡಿಸುವ ಯಕ್ಷಗಾನ, ಆಗುತ್ತದೆ. ಅಜ್ಜನ ಕಾಲದಿಂದ ನಡೆದುಕೊಂಡು ಬಂದದ್ದು. ಈ ಸಲ ಪ್ರಸಂಗ ದೇವಿ ಮಹಾತ್ಮೆ. ಕಥೆಗೆ ಮೊದಲಿನ ಪೂರ್ವರಂಗ ಬಿಡಬಾರದು, ಕೊನೆಯ ಮಂಗಳ ಬೆಳಿಗ್ಗೆಯೇ ಆಗಬೇಕು ಅಂತ ಎಲ್ಲರೂ ಸೇರಿ ತೀರ್ಮಾನ ಮಾಡಿದ್ದೆವು. ಮೈಕಿಗೆ ಅನುಮತಿ ಇದ್ದದ್ದು ರಾತ್ರಿ 10ರವರೆಗೆ. ಪ್ರತಿ ವರ್ಷವೂ ಹಾಗೆಯೇ, ಯಾರೂ ಏನೂ ಹೇಳುತ್ತಿರಲಿಲ್ಲ.

ಈ ಸಲ 10:20ಕ್ಕೆ ಪೊಲೀಸ್ ಜೀಪು ಬಂತು. ಗದ್ದೆಯ ಆಚೆ ಬದಿಯಲ್ಲಿ ನಾಲ್ಕು ವರ್ಷದ ಹಿಂದೆ ಫ್ಲ್ಯಾಟ್ ಎದ್ದಿದೆ. ಅಲ್ಲಿಂದ ಯಾರೋ ಫೋನ್ ಮಾಡಿದ್ದರು. ಬಂದವರು ಮರ್ಯಾದೆಯಿಂದಲೇ ಮಾತಾಡಿದರು. ದೂರು ಬಂದ ಮೇಲೆ ನಾವು ಸುಮ್ನೆ ಇರುವ ಹಾಗಿಲ್ಲ ಅಂದರು. ಮೈಕ್ ಬಂದ್ ಮಾಡಿದೆವು.

ಆಗ ಮಹಿಷಾಸುರನ ವೇಷದವರು ಚೌಕಿಯಲ್ಲಿ (ಬಣ್ಣ ಹಚ್ಚಿಕೊಳ್ಳುವ ಜಾಗ) ಕೂತು ಮುಖಕ್ಕೆ ಬಿಳಿ ಚುಟ್ಟಿ ಚುಕ್ಕೆ ಇಡುತ್ತಿದ್ದರು. ಗಂಟೆಗಟ್ಟಲೆ ಕೆಲಸ ಅದು. ನಾನು ಹೋಗಿ ವಿಷಯ ಹೇಳಿದೆ. ಅವರು ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. "ಮೈಕ್ ಇಲ್ಲದಿದ್ದರೆ ಬೇಡ, ನಾನು ಬರುತ್ತೇನೆ" ಅಂದರು. ಬಂದರು ಕೂಡ, ದೊಂದಿ (ಪಂಜು) ಬೆಳಕಿನಲ್ಲಿ, ಬೆಂಕಿ ಭುಗಿಲೇಳುವ ಹಾಗೆ ರಾಳ ಹಾರಿಸಿಕೊಂಡು. ಆದರೆ ಅರ್ಥಗಾರಿಕೆ (ವೇಷದವರ ಮಾತು) ಮೂರನೇ ಸಾಲಿನ ಆಚೆ ಕೇಳಲಿಲ್ಲ. ಹಿರಿಯರು ಒಬ್ಬೊಬ್ಬರೇ ಎದ್ದು ಹೋದರು. 1:30ಕ್ಕೆ ಮಂಗಳ ಹಾಡಿಸಿದೆವು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಮೈಕ್ ಇಲ್ಲದೆ ಬರೀ ಚೆಂಡೆ ಮದ್ದಳೆ ಇಟ್ಟುಕೊಂಡು ರಾತ್ರಿ ಆಡಿಸಬಹುದಾ? ಮುಂದಿನ ವರ್ಷಕ್ಕೆ ಏನು ದಾರಿ? ನಿಮ್ಮೂರಲ್ಲಿ ಹೇಗೆ ಮಾಡುತ್ತೀರಿ?

ಪಡುವಣ ಗಾಳಿ · 9:30

ಫ್ಲ್ಯಾಟಿನವರಿಗೆ ಗದ್ದೆಯ ನೋಟ ಬೇಕು, ಗದ್ದೆಯ ಆಟ ಬೇಡ. ಗದ್ದೆ ಮೊದಲು ಇತ್ತಾ, ಫ್ಲ್ಯಾಟ್ ಮೊದಲು ಇತ್ತಾ? ವರ್ಷಕ್ಕೆ ಒಂದು ರಾತ್ರಿ ತಡೆದುಕೊಳ್ಳಲು ಆಗುವುದಿಲ್ವಾ ಇವರಿಗೆ?

ಕರಿಕೋಟು · 9:58

ಮೊದಲು ನಿಯಮ ಏನು ಅಂತ ನೋಡೋಣ, ಸಿಟ್ಟು ಆಮೇಲೆ.

ಶಬ್ದ ಮಾಲಿನ್ಯ ನಿಯಮಗಳು ಬಂದದ್ದು 2000ದಲ್ಲಿ. ಅದರ ಪ್ರಕಾರ ರಾತ್ರಿ ಅಂದರೆ 10ರಿಂದ ಬೆಳಿಗ್ಗೆ 6. ಆ ಹೊತ್ತಿನಲ್ಲಿ ಬಯಲಲ್ಲಿ ಧ್ವನಿವರ್ಧಕ ಹಾಕುವ ಹಾಗಿಲ್ಲ. ಸಭಾಂಗಣ, ಸಮುದಾಯ ಭವನದಂಥ ಮುಚ್ಚಿದ ಜಾಗದ ಒಳಗೆ, ಒಳಗಿನವರಿಗೆ ಕೇಳುವಷ್ಟು ಮಾತ್ರ ಹಾಕಬಹುದು. ಸಾಂಸ್ಕೃತಿಕ, ಧಾರ್ಮಿಕ ಹಬ್ಬಗಳಿಗೆ ರಾಜ್ಯ ಸರ್ಕಾರ 12ರವರೆಗೆ ಸಡಿಲ ಮಾಡಬಹುದು, ಅದೂ ಇಡೀ ವರ್ಷಕ್ಕೆ ಒಟ್ಟು 15 ದಿನ ಮೀರದ ಹಾಗೆ.

ಇನ್ನು ಬರೀ ಚೆಂಡೆಯ ಪ್ರಶ್ನೆ. 2010ರಲ್ಲಿ ನಿಯಮ ತಿದ್ದಿದಾಗ "ಸಂಗೀತ ವಾದ್ಯ" ಅನ್ನುವುದನ್ನೂ ಸೇರಿಸಿದರು. ಅಂದರೆ ಮೈಕ್ ಆರಿಸಿದ ಕೂಡಲೇ ನೀವು ಪಾರು ಅಂತ ಅಲ್ಲ. ಚೆಂಡೆಯೂ ವಾದ್ಯವೇ.

ಪಡುವಣ ಗಾಳಿ · 10:04

ಹಾಗಾದರೆ ಬಯಲಾಟ ಅನ್ನುವ ಹೆಸರನ್ನೇ ತೆಗೆದುಬಿಡಬೇಕು!

ಕುಂದಾಪ್ರ ಕಡೆಯವ · 10:11

ಕಟೀಲು ದೇವಸ್ಥಾನದ ಆರು ಯಕ್ಷಗಾನ ಮೇಳವೂ 2022ರ ತಿರುಗಾಟದಲ್ಲಿ ಇದೇ ಕಾರಣಕ್ಕೆ ಕಾಲಮಿತಿಗೆ, ಅಂದರೆ ರಾತ್ರಿಯಿಡೀ ಆಡದೆ ಬೇಗ ಮುಗಿಸುವುದಕ್ಕೆ, ಬಂತಲ್ವಾ? ಎಷ್ಟು ಗಲಾಟೆ ಆಯಿತು. ಭಕ್ತರು ಪಾದಯಾತ್ರೆ ಮಾಡಿದರು. ಆಮೇಲೆ 2025ರ ಜನವರಿಯಿಂದ ಮತ್ತೆ ರಾತ್ರಿಯಿಡೀ ಆಟ ಶುರುವಾಯಿತು, ಶಬ್ದದ ನಿಯಮ ಪಾಲಿಸಬೇಕು ಅನ್ನುವ ಷರತ್ತಿನ ಮೇಲೆ. ದೊಡ್ಡ ಮೇಳಕ್ಕೆ ಆದದ್ದು ಸಣ್ಣ ಊರಿಗೂ ಆಗಬಹುದು. ಮೊದಲೇ ಅರ್ಜಿ ಕೊಟ್ಟು ಮಾತಾಡಿ.

ಮಲೆನಾಡ ಮಳೆ · 10:25

ಎಲ್ಲದಕ್ಕೂ ಶಬ್ದವೇ ಕಾರಣ ಅನ್ನಬೇಡಿ. ಧರ್ಮಸ್ಥಳ ಮೇಳ ಅದಕ್ಕಿಂತ ಮೊದಲೇ ಕಾಲಮಿತಿಗೆ ಬಂದಿತ್ತು. ಜನ ನಿದ್ದೆಗೆಟ್ಟು ಕೂರುವುದು ಕಡಿಮೆ ಆಗಿದೆ. ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೋಗಬೇಕು. ಎರಡು ಗಂಟೆ ಮೇಲೆ ಖಾಲಿ ಕುರ್ಚಿಗಳ ಎದುರು ಕುಣಿಯುವ ಕಲಾವಿದರನ್ನು ನಾನೇ ನೋಡಿದ್ದೇನೆ. ಆ ದುಃಖ ಬೇರೆಯೇ.

ರಾತ್ರಿ ಪಾಳಿ · 10:47

ನಾನು ನರ್ಸ್. ಇಂಥದೇ ಒಂದು ಫ್ಲ್ಯಾಟಿನಲ್ಲಿ ಇದ್ದೇನೆ, ಬೇರೆ ಊರಿನಲ್ಲಿ. ಫೋನ್ ಮಾಡಿದವರ ಕಡೆಯಿಂದ ಎರಡು ಮಾತು ಹೇಳಲೇಬೇಕು.

ನನಗೆ ಆಟ ಗೊತ್ತಿಲ್ಲ ಅಂತ ತಿಳಿಯಬೇಡಿ. ನನ್ನ ಮಾವ ಮೇಳದಲ್ಲಿ ಸ್ತ್ರೀವೇಷ ಮಾಡುತ್ತಿದ್ದರು. ಚಿಕ್ಕವಳಿದ್ದಾಗ ಚಾಪೆ ಹಿಡಿದುಕೊಂಡು ಹೋಗಿ, ಅಮ್ಮನ ಸೆರಗು ಹೊದ್ದು ಮಲಗಿ, ಚೆಂಡೆ ಜೋರಾದಾಗ ಎದ್ದು ನೋಡಿದವಳು ನಾನು. ಆದರೆ ಹೋದ ವರ್ಷ ನಮ್ಮ ಪಕ್ಕದಲ್ಲಿ ಒಂದು ಕಾರ್ಯಕ್ರಮ ಆಯಿತು. ತೆಂಗಿನ ಮರಕ್ಕೆ ಹಾರ್ನ್ ಕಟ್ಟಿ, ಅದರ ಬಾಯಿ ಸರಿಯಾಗಿ ನಮ್ಮ ಮಲಗುವ ಕೋಣೆಯ ಕಡೆಗೆ. ಆವತ್ತು ಸತತ ಮೂರನೇ ರಾತ್ರಿ ಪಾಳಿ ಮುಗಿಸಿ ಬಂದಿದ್ದೆ. ಮರುದಿನ ಮತ್ತೆ ಡ್ಯೂಟಿ. ಮನೆಯಲ್ಲಿ ಏಳು ತಿಂಗಳ ಮಗು. ಕಿಟಕಿ ಮುಚ್ಚಿದರೆ ಸೆಕೆಯಲ್ಲಿ ಬೇಯಬೇಕು, ತೆರೆದರೆ ಮಾತಾಡಿದ್ದು ಪಕ್ಕದವರಿಗೆ ಕೇಳುವುದಿಲ್ಲ.

ಎಲ್ಲಕ್ಕಿಂತ ಬೇಸರ ಆದದ್ದು ಬೇರೆ ವಿಷಯಕ್ಕೆ. ಒಬ್ಬರಾದರೂ ಮೊದಲೇ ಬಂದು "ಇಂಥ ದಿನ ಆಟ ಇದೆ, ನೀವೂ ಬನ್ನಿ" ಅಂತ ಹೇಳಲಿಲ್ಲ. ವಂತಿಗೆ ಕೇಳಲು ಕೂಡ ಬರಲಿಲ್ಲ. ಹತ್ತು ಸಮಸ್ತರು ಅಂದರೆ ಅದರಲ್ಲಿ ನಾವು ಇಲ್ಲವಾ?

ಚೌಕಿ ಬಾಗಿಲು · 10:55

ಅಕ್ಕಾ, ನೀವು ಹೇಳಿದ್ದು ನಾಟಿತು. ನಾವೂ ಫ್ಲ್ಯಾಟಿಗೆ ಆಮಂತ್ರಣ ಕೊಟ್ಟಿಲ್ಲ. ಗೇಟಿನ ಹತ್ತಿರ ಒಂದು ಬ್ಯಾನರ್ ಕಟ್ಟಿ ಬಂದೆವು ಅಷ್ಟೇ. ಹಾರ್ನ್ ನಮ್ಮಲ್ಲೂ ಇತ್ತು. ನಾಲ್ಕು.

ಮೈಕ್ ಸೆಟ್ · 11:20

ಮೂವತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ, ಆಟಕ್ಕೆ, ಕೋಲಕ್ಕೆ, ಮದುವೆಗೆ. ನಾಲ್ಕು ಹಾರ್ನ್ ಯಾಕೆ ಮಾರಾಯ್ರೇ? ಹಾರ್ನ್ ಇರುವುದು ದೂರದವರನ್ನು ಕರೆಯಲು. ಎದುರು ಕೂತವರಿಗೆ ಅದರಿಂದ ಏನೂ ಸಿಗುವುದಿಲ್ಲ. ಸಂಜೆ ಆಟ ಇದೆ ಅಂತ ಸಾರಲು ಕೇಳಿ ಬಾರಿಸುವಾಗ ಬೇಕಾದರೆ ಹಾಕಿ, ಆಟ ಶುರುವಾದ ಮೇಲೆ ಇಳಿಸಿ.

ಲೆಕ್ಕ ಹೇಳುತ್ತೇನೆ. ಬಯಲಲ್ಲಿ ದೂರ ಎರಡು ಪಟ್ಟಾದರೆ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ದೂರ ಹತ್ತು ಪಟ್ಟಾದರೆ 20 ಇಳಿಯುತ್ತದೆ. ಬಾಕ್ಸಿನ ಮುಂದೆ ಒಂದು ಮೀಟರಿನಲ್ಲಿ 95 ಇದ್ದರೆ, ಹತ್ತು ಮೀಟರಿನಲ್ಲಿ 75, ನೂರು ಮೀಟರಿನಲ್ಲಿ 55. ವಸತಿ ಪ್ರದೇಶಕ್ಕೆ ರಾತ್ರಿಯ ಮಿತಿ 45. ಅಷ್ಟಕ್ಕೆ ಇಳಿಯಲು ಮುನ್ನೂರು ಮೀಟರ್ ಬೇಕು. ನಿಮ್ಮ ಫ್ಲ್ಯಾಟ್ ಎಷ್ಟು ದೂರ?

ಅದಕ್ಕೇ ಒಂದೇ ಕಡೆ ದೊಡ್ಡ ಬಾಕ್ಸ್ ಇಟ್ಟು ಕಿರುಚಿಸುವ ಬದಲು ಎಂಟು ಸಣ್ಣ ಬಾಕ್ಸ್ ತನ್ನಿ. ಜನರ ನಡುವೆ ಅಲ್ಲಲ್ಲಿ ಇಟ್ಟು, ಬಾಯಿ ನೆಲದ ಕಡೆಗೆ ಬಗ್ಗಿಸಿ. ಪ್ರತಿಯೊಂದರಲ್ಲೂ ಸದ್ದು ಕಡಿಮೆ ಇಡಬಹುದು. ಕೂತವರಿಗೆ ಸ್ಪಷ್ಟ ಕೇಳುತ್ತದೆ, ಗದ್ದೆಯ ಅಂಚು ದಾಟುವುದು ಕಡಿಮೆ.

ಚೌಕಿ ಬಾಗಿಲು · 11:24

ಫ್ಲ್ಯಾಟ್ ಎಂಬತ್ತು ಮೀಟರ್ ಇರಬಹುದು ಅಣ್ಣ.

ಮೈಕ್ ಸೆಟ್ · 11:26

ಹಾಗಾದರೆ ಅವರು ಫೋನ್ ಮಾಡಿದ್ದರಲ್ಲಿ ತಪ್ಪಿಲ್ಲ.

ಎಡಬಲ · 11:40

ನಾನು ಚೆಂಡೆ ಬಾರಿಸುವವನು. ಮೈಕ್ ಸೆಟ್ ಅಣ್ಣ ಹೇಳದೆ ಬಿಟ್ಟ ಒಂದು ವಿಷಯ ಇದೆ. ಚೆಂಡೆಗೆ ಮೈಕ್ ಯಾಕೆ ಬೇಕು? ಮೈಕ್ ಇಲ್ಲದೆಯೇ ಊರಿಗೆಲ್ಲ ಕೇಳುವ ವಾದ್ಯ ಅದು. ಚೆಂಡೆಗೆ ಮೈಕ್ ಕೊಟ್ಟರೆ ಹಾಡುವ ಭಾಗವತರ ಮೈಕ್ ಏರಿಸಬೇಕು. ಅವರದು ಏರಿದರೆ ವೇಷದವರ ಮೈಕ್ ಏರಿಸಬೇಕು. ಆಮೇಲೆ ಮದ್ದಳೆಯವರು ನನ್ನದು ಕೇಳುವುದಿಲ್ಲ ಅನ್ನುತ್ತಾರೆ. ಹನ್ನೊಂದು ಗಂಟೆಗೆ ಎಲ್ಲವೂ ಕೊನೆಯ ಗೆರೆಯಲ್ಲಿ ಇರುತ್ತದೆ.

ನನಗೆ ಈಗ 41. ಎಡಕಿವಿಯಲ್ಲಿ ಯಾವಾಗಲೂ ಒಂದು ಕುಯ್ಯ್ ಸದ್ದು. ವೈದ್ಯರು ಇದು ಹೋಗುವುದಿಲ್ಲ ಅಂದಿದ್ದಾರೆ. ಬಲಿಪ ನಾರಾಯಣ ಭಾಗವತರಂಥವರ ಎತ್ತರದ ಶ್ರುತಿಯ ಹಾಡು ಕೇಳಿ ಬೆಳೆದವರು ನಾವು. ಆ ಗಂಟಲು ಮೈಕ್ ನಂಬಿ ತಯಾರಾದದ್ದಲ್ಲ.

ಪಡುವಣ ಗಾಳಿ · 11:52

ಅದೆಲ್ಲ ಸರಿ. ಆದರೆ ಗಣಪತಿ ಮೆರವಣಿಗೆಯ ಡಿಜೆಗೆ, ಮದುವೆ ಹಾಲಿನ ಪಟಾಕಿಗೆ ಇಲ್ಲದ ನಿಯಮ ಆಟಕ್ಕೆ ಮಾತ್ರ ಯಾಕೆ? ಇನ್ನು ಬೆಳಿಗ್ಗೆ ಐದಕ್ಕೇ ಮೈಕ್ ಹಾಕುವವರ ವಿಷಯ ಎತ್ತಿದರೆ…

ನಿರ್ವಾಹಕ · 11:55

ಎತ್ತಬೇಡಿ. ಯಾವ ಧರ್ಮದ ಮೈಕ್ ಜಾಸ್ತಿ ಅನ್ನುವ ಚರ್ಚೆ ಇಲ್ಲಿ ಬೇಡ. ನಿಯಮ ಎಲ್ಲರಿಗೂ ಒಂದೇ. ಆಟ, ಸಂಗೀತ, ಸದ್ದು, ನಿದ್ದೆ, ಇಷ್ಟರ ಬಗ್ಗೆ ಮಾತಾಡೋಣ.

ಬೇಸ್ ತಂತಿ · ಮಧ್ಯಾಹ್ನ 12:30

ನಾನು ಬೆಂಗಳೂರಿನಲ್ಲಿ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುತ್ತೇನೆ. ಆಟದ ಬಗ್ಗೆ ಜಾಸ್ತಿ ಗೊತ್ತಿಲ್ಲ, ಆದರೆ ಈ ನೋವು ಗೊತ್ತು.

ಮನರಂಜನೆಯ ಜಾಗಗಳಿಗೆ ಪರವಾನಗಿ ಬೇಕು ಅನ್ನುವ ಪೊಲೀಸ್ ಆದೇಶ 2005ರದ್ದು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ವರ್ಷ ಬಿಗಿ ಶುರುವಾಯಿತು. ಪರವಾನಗಿ ಸಿಗಬೇಕಾದರೆ ಕಟ್ಟಡದ ಸ್ವಾಧೀನ ಪತ್ರ ಬೇಕು. ಹಳೆಯ ಕಟ್ಟಡಗಳಲ್ಲಿ ಎಷ್ಟಕ್ಕೆ ಅದು ಇದೆ? ಇಂದಿರಾನಗರದಲ್ಲಿ ಒಂದರ ಹಿಂದೆ ಒಂದು ವೇದಿಕೆ ಸುಮ್ಮನಾಯಿತು. ನನಗೆ ವಾರಕ್ಕೆ ಮೂರು ಕಾರ್ಯಕ್ರಮ ಇದ್ದದ್ದು ತಿಂಗಳಿಗೆ ಒಂದಾಯಿತು. ನಮ್ಮ ಡ್ರಮ್ಮರ್ ಡ್ರಮ್ಸ್ ಮಾರಿ ಊರಿಗೆ ಹೋದ.

ಜನರಿಗೆ ಗೊತ್ತಾಗದ ನಷ್ಟ ಒಂದಿದೆ. ದೊಡ್ಡ ಹೆಸರಿನವರಿಗೆ ದೊಡ್ಡ ಮೈದಾನ ಸಿಕ್ಕೇ ಸಿಗುತ್ತದೆ. ಮಂಗಳವಾರ ರಾತ್ರಿ ಮೂವತ್ತು ಜನರ ಮುಂದೆ ತಪ್ಪು ನುಡಿಸಿ ಕಲಿಯುವ ಹುಡುಗರಿಗೆ ಜಾಗ ಹೋಯಿತು. ನಾನು ಕಲಿತದ್ದು ಅಂಥ ಮಂಗಳವಾರಗಳಲ್ಲೇ.

ಎಡಬಲ · 12:41

ನಮ್ಮಲ್ಲೂ ಅದೇ ಆಗಿದೆ! ರಾತ್ರಿ ಮೊಟಕಾದರೆ ಮೊದಲು ಕತ್ತರಿ ಬೀಳುವುದು ಪೂರ್ವರಂಗಕ್ಕೆ. ಕೋಡಂಗಿ, ಬಾಲಗೋಪಾಲ, ಪೀಠಿಕೆ ಸ್ತ್ರೀವೇಷ, ಇದೆಲ್ಲ ನೋಡಲು ಜನ ಕಡಿಮೆ ಇರಬಹುದು. ಆದರೆ ಮೇಳಕ್ಕೆ ಹೊಸದಾಗಿ ಸೇರಿದ ಹುಡುಗ ಗೆಜ್ಜೆ ಕಟ್ಟಿ ತಾಳಕ್ಕೆ ಕಾಲಿಡುವುದು ಅಲ್ಲೇ. ಪೂರ್ವರಂಗಕ್ಕೆ ಹಾಡುವ ಸಂಗೀತಗಾರ ಮುಂದೆ ಭಾಗವತ ಆಗುವುದು ಅಲ್ಲಿಂದಲೇ. ನಾನೂ ಚೆಂಡೆಗೆ ಮೊದಲು ಕೈ ಹಾಕಿದ್ದು ಅಂಥ ಹೊತ್ತಿನಲ್ಲಿ, ಮುಖ್ಯ ಚೆಂಡೆಯವರು ಚಹಾ ಕುಡಿಯಲು ಎದ್ದಾಗ. ಆ ಒಂದು ಗಂಟೆ ನಮಗೆ ಶಾಲೆ ಇದ್ದ ಹಾಗೆ.

ಇಂದಿರಾನಗರ 30 ವರ್ಷ · 1:15

ಬೇಸ್ ತಂತಿಯವರೇ, ನಿಮ್ಮ ನಷ್ಟಕ್ಕೆ ಬೇಸರ ಇದೆ. ಆದರೆ ನಮ್ಮ ರಸ್ತೆಯಲ್ಲಿ ಏನಾಯಿತು ಅಂತ ನೀವೂ ಕೇಳಿ. ನಾವು ಬಂದಾಗ ಇದು ಮನೆಗಳ ಬೀದಿ. ಆಮೇಲೆ ಒಂದೊಂದೇ ಮನೆ ಪಬ್ ಆಯಿತು. ತಾರಸಿಯ ಮೇಲೆ ಬ್ಯಾಂಡ್. ನನ್ನ ತಾಯಿಗೆ ಆಗ 84. ಹಾಡು ಕಿವಿಗೆ ಕೇಳುವುದಕ್ಕಿಂತ ಎದೆಗೆ ಗುದ್ದುತ್ತಿತ್ತು. ಗೋಡೆ ಮುಟ್ಟಿದರೆ ನಡುಕ ಗೊತ್ತಾಗುತ್ತಿತ್ತು. ಸಂಗೀತ ನಿಂತ ಮೇಲೆ ರಾತ್ರಿ ಒಂದು ಗಂಟೆಗೆ ರಸ್ತೆಯಲ್ಲಿ ಕೂಗಾಟ, ಕಾರಿನ ಹಾರ್ನ್.

ಇಲ್ಲಿ ಆಮೇಲೆ ಬಂದವರು ನಾವಲ್ಲ, ಪಬ್ಬಿನವರು.

ಬೇಸ್ ತಂತಿ · 1:28

ಎದೆಗೆ ಗುದ್ದುವುದು ನನ್ನ ವಾದ್ಯವೇ, ಒಪ್ಪುತ್ತೇನೆ. ಬೇಸ್ ಗೋಡೆ ದಾಟಿ ಹೋಗುತ್ತದೆ. ಮಾಮೂಲಿ ಮೀಟರ್ ಡೆಸಿಬಲ್ ಎ ಲೆಕ್ಕದಲ್ಲಿ ಅಳೆಯುತ್ತದೆ, ಅದರಲ್ಲಿ ಬೇಸ್ ಕಡಿಮೆ ತೋರಿಸುತ್ತದೆ. ಅದಕ್ಕೇ ಪಬ್ಬಿನವರು ಮಿತಿಯಲ್ಲಿದ್ದೇವೆ ಅನ್ನುತ್ತಾರೆ, ಪಕ್ಕದ ಮನೆಯವರಿಗೆ ನಿದ್ದೆ ಬರುವುದಿಲ್ಲ. ತಾರಸಿಯ ಮೇಲೆ ಬ್ಯಾಂಡ್ ಇಡಬಾರದು ಅಂತ ನಾವು ಎಷ್ಟೋ ಮಾಲೀಕರಿಗೆ ಹೇಳಿದ್ದೇವೆ. ಒಳಗೆ ಕೋಣೆ ಕಟ್ಟಿ, ಗೋಡೆ ದಪ್ಪ ಮಾಡಿ, ಎರಡು ಬಾಗಿಲು ಇಟ್ಟರೆ ಆಗುತ್ತದೆ. ಅದಕ್ಕೆ ಹಣ ಹಾಕಿದವರು ಬಹಳ ಕಡಿಮೆ.

ಮೆಲ್ಬರ್ನ್ ಮಂಗಳೂರಿಗ · 2:40

ಯಾರು ಮೊದಲು, ಯಾರು ಆಮೇಲೆ ಅನ್ನುವ ಮಾತು ಎರಡು ಸಲ ಬಂತು. ಇಲ್ಲಿ ಅದನ್ನೇ ನಿಯಮ ಮಾಡಿದ್ದಾರೆ. ವಿಕ್ಟೋರಿಯಾ ರಾಜ್ಯದಲ್ಲಿ 2014ರಿಂದ ಇದೆ. ಹಳೆಯ ಸಂಗೀತದ ಜಾಗದ ಪಕ್ಕ ಹೊಸ ಫ್ಲ್ಯಾಟ್ ಕಟ್ಟಿದರೆ ಶಬ್ದ ತಡೆಯುವ ಕಿಟಕಿ, ಗೋಡೆ ಎಲ್ಲವೂ ಕಟ್ಟಿದವರ ಖರ್ಚು. ಮನೆಗಳ ಪಕ್ಕ ಹೊಸ ಪಬ್ ಬಂದರೆ ಪಬ್ಬಿನ ಖರ್ಚು. ಇಂಗ್ಲೆಂಡಿನಲ್ಲೂ 2018ರಲ್ಲಿ ಯೋಜನಾ ನೀತಿಗೆ ಸೇರಿಸಿದರು. ನಮ್ಮ ಪಂಚಾಯಿತಿ ಲೈಸೆನ್ಸ್ ಕೊಡುವಾಗಲೇ "ಪಕ್ಕದಲ್ಲಿ ಆಟದ ಗದ್ದೆ ಇದೆ" ಅಂತ ಬರೆದುಬಿಟ್ಟರೆ ಆಗುವುದಿಲ್ವಾ?

ರಾತ್ರಿ ಪಾಳಿ · 2:52

ಮೆಲ್ಬರ್ನಿನ ಚಳಿಗೆ ಎರಡು ಗಾಜಿನ ಕಿಟಕಿ ಸರಿ. ಏಪ್ರಿಲ್ ತಿಂಗಳಲ್ಲಿ ಮಂಗಳೂರಿನ ಸೆಕೆಗೆ ಕಿಟಕಿ ಮುಚ್ಚಿ ಮಲಗಿ ನೋಡಿ. ಎಲ್ಲರ ಮನೆಯಲ್ಲೂ ಎಸಿ ಇರುವುದಿಲ್ಲ.

ಕರಿಕೋಟು · 3:05

ಅಂಥ ನಿಯಮ ನಮ್ಮಲ್ಲಿ ಇಲ್ಲ. ನ್ಯಾಯಾಲಯದಲ್ಲಿ "ನಾವು ಮೊದಲು ಬಂದವರು" ಅಂದರೆ ನಡೆಯುವುದೂ ಕಷ್ಟ. 2005ರ ಜುಲೈ ತಿಂಗಳ ಸುಪ್ರೀಂ ಕೋರ್ಟ್ ತೀರ್ಪಿನ ತಿರುಳು ಇಷ್ಟೇ. ಮಾತಾಡುವ ಹಕ್ಕು ಇದೆ, ಕೇಳಲು ಇಷ್ಟವಿಲ್ಲದವರ ಕಿವಿಗೆ ತುಂಬುವ ಹಕ್ಕು ಇಲ್ಲ. ನೆಮ್ಮದಿಯಿಂದ ಇರುವುದೂ ಬದುಕುವ ಹಕ್ಕಿನ ಒಂದು ಭಾಗ.

ಪಡುವಣ ಗಾಳಿ · 3:20

ಕಾನೂನು ಒಪ್ಪುತ್ತೇನೆ. ಆದರೆ ಒಂದು ಹೇಳಿ. ದೇವಿ ಮಹಾತ್ಮೆಯನ್ನು ಸಂಜೆ ಆರರಿಂದ ಹತ್ತಕ್ಕೆ ಮುಗಿಸಿದ್ದನ್ನು ನಾನು ನೋಡಿದ್ದೇನೆ. ಎಂಟು ಗಂಟೆಗೆ ಮಹಿಷಾಸುರ ಬಂದ. ಪಕ್ಕದ ಅಂಗಡಿಯ ಟ್ಯೂಬ್‌ಲೈಟ್ ಉರಿಯುತ್ತಿತ್ತು, ಬಸ್ಸು ಓಡಾಡುತ್ತಿತ್ತು. ದೊಂದಿಯ ಬೆಂಕಿಗೆ ಯಾವ ಮಗುವೂ ಹೆದರಲಿಲ್ಲ. ನಡುರಾತ್ರಿಯ ಕತ್ತಲೆ ಇಲ್ಲದೆ ಆ ವೇಷಕ್ಕೆ ಜೀವ ಎಲ್ಲಿಂದ ಬರಬೇಕು? ಇದನ್ನು ಯಾವ ಮೀಟರ್ ಅಳೆಯುತ್ತದೆ?

ಮಲೆನಾಡ ಮಳೆ · 3:31

ಈ ಮಾತು ಒಪ್ಪಿದೆ. ಕಾಲಮಿತಿಯ ಪರ ಇದ್ದೂ ಒಪ್ಪುತ್ತೇನೆ.

ಕುಂದಾಪ್ರ ಕಡೆಯವ · 3:38

ಕಾಲಮಿತಿಯಿಂದ ಕಲಾವಿದರಿಗೆ ಒಳ್ಳೆಯದೂ ಆಗಿದೆ. ನನ್ನ ಭಾವ ಮೇಳದಲ್ಲಿದ್ದಾರೆ. ಆರು ತಿಂಗಳು ದಿನಾ ನಿದ್ದೆಗೆಟ್ಟು ಸಕ್ಕರೆ ಕಾಯಿಲೆ, ಹೊಟ್ಟೆಯುರಿ ಎಲ್ಲ ಬಂದಿತ್ತು. ಈಗ ಹನ್ನೆರಡಕ್ಕೆ ಮನೆ ಸೇರುತ್ತಾರೆ, ಮಗಳನ್ನು ಶಾಲೆಗೆ ಬಿಡುತ್ತಾರೆ. ದಿನಾ ತಿರುಗುವ ಮೇಳಕ್ಕೆ ಕಾಲಮಿತಿ ಇರಲಿ, ವರ್ಷಕ್ಕೆ ಒಂದೇ ಸಲ ಆಗುವ ಊರ ಆಟ ಬೆಳಗಿನವರೆಗೆ ಇರಲಿ. ನನ್ನ ಅಭಿಪ್ರಾಯ.

ಶ್ರುತಿಪೆಟ್ಟಿಗೆ · ಸಂಜೆ 5:02

ತಾಳಮದ್ದಳೆ ಇಟ್ಟರೆ ಏನು? ವೇಷ ಇಲ್ಲ, ಒಳಗೆ ಕೂತು ಬೆಳಗಿನವರೆಗೆ ಮಾತಾಡಬಹುದು.

ಪಡುವಣ ಗಾಳಿ · 5:04

ಹರಕೆ ಹೇಳಿಕೊಳ್ಳುವುದು ಆಟಕ್ಕೆ ಸ್ವಾಮಿ.

ಮೈಕ್ ಸೆಟ್ · 5:30

ಇನ್ನೊಂದು ವಿಷಯ. ರಾತ್ರಿ ನೆಲ ತಣ್ಣಗಾಗುತ್ತದೆ, ಮೇಲಿನ ಗಾಳಿ ಬೆಚ್ಚಗಿರುತ್ತದೆ. ಆಗ ಸದ್ದು ಮೇಲೆ ಹೋಗದೆ ಬಾಗಿ ನೆಲಕ್ಕೇ ಬರುತ್ತದೆ. ಸಂಜೆ ಇಟ್ಟಷ್ಟೇ ಇಟ್ಟರೂ ರಾತ್ರಿ ದೂರಕ್ಕೆ ಜಾಸ್ತಿ ಕೇಳುತ್ತದೆ. ಹತ್ತರ ಮೇಲೆ ಒಂದು ಗೆರೆ ಇಳಿಸಿದ್ದೇವೆ ಅನ್ನುವವರಿಗೆ ಇದು ಗೊತ್ತಿರಲಿ. ಮತ್ತೆ ರಂಗಸ್ಥಳದ ಬೆನ್ನು ಫ್ಲ್ಯಾಟಿನ ಕಡೆಗೆ ಇರಬೇಕು. ನಿಮ್ಮದು ಎದುರು ಇತ್ತು ಅಂತ ಕಾಣುತ್ತದೆ.

ಚೌಕಿ ಬಾಗಿಲು · ಮುಂದಿನ ಶನಿವಾರ, ರಾತ್ರಿ 8:15

ಎಲ್ಲರಿಗೂ ಧನ್ಯವಾದ. ಒಂದು ವಾರ ಸುಮ್ನೆ ಕೂರಲಿಲ್ಲ.

ನಾನು ಮತ್ತು ಸಮಿತಿಯ ಇಬ್ಬರು ಫ್ಲ್ಯಾಟಿಗೆ ಹೋದೆವು. ಫೋನ್ ಮಾಡಿದವರು ಒಬ್ಬ ಹಿರಿಯರು. ಅವರ ಹೆಂಡತಿಗೆ ಹೃದಯದ ಶಸ್ತ್ರಚಿಕಿತ್ಸೆ ಆಗಿ ಹನ್ನೊಂದು ದಿನ ಆಗಿತ್ತಂತೆ. ನಮಗೆ ಗೊತ್ತೇ ಇರಲಿಲ್ಲ. ಅವರ ಮನೆಯ ಕಿಟಕಿಯಲ್ಲಿ ನಿಂತು ನೋಡಿದೆ. ಹಾರ್ನ್ ಕಟ್ಟಿದ್ದ ಮರ ನೇರ ಎದುರಿಗೇ ಕಾಣುತ್ತದೆ. ನನಗೆ ಮಾತು ಹೊರಡಲಿಲ್ಲ. ಅವರೇ ಚಹಾ ಕೊಟ್ಟರು. ಮಹಿಷಾಸುರನ ಪ್ರವೇಶ ಕಿಟಕಿಯಿಂದಲೇ ನೋಡಿದೆ, ಬಹಳ ಚೆನ್ನಾಗಿತ್ತು ಅಂದರು.

ಸಮಿತಿಯಲ್ಲಿ ಎರಡು ದಿನ ಜಗಳ ಆಯಿತು. ಕೊನೆಗೆ ಹೀಗೆ ಯೋಚಿಸಿದ್ದೇವೆ. ಚೌಕಿ ಪೂಜೆ ಬೇಗ ಮುಗಿಸಿ 5:30ಕ್ಕೆ ಪೂರ್ವರಂಗ ಶುರು, ಅದರಲ್ಲಿ ಕತ್ತರಿ ಇಲ್ಲ. ಹಾರ್ನ್ ಇಲ್ಲ. ಚೆಂಡೆಗೆ ಮೈಕ್ ಇಲ್ಲ. ರಂಗಸ್ಥಳ ತಿರುಗಿಸುತ್ತೇವೆ. ಮಹಿಷಾಸುರನ ಪ್ರವೇಶ ಗದ್ದೆಯಲ್ಲೇ 9:15ಕ್ಕೆ, ಸುತ್ತಲಿನ ದೀಪ ಎಲ್ಲ ಆರಿಸಿ. ಅಂಗಡಿಯವರೂ ಒಪ್ಪಿದ್ದಾರೆ. 9:50ಕ್ಕೆ ಗದ್ದೆಯ ಆಟ ನಿಲ್ಲುತ್ತದೆ. ಅಲ್ಲಿಂದ ಎಲ್ಲರೂ ಭಜನಾ ಮಂದಿರದ ಹಾಲಿಗೆ ಬಂದು, ಬಾಗಿಲು ಹಾಕಿ, ಬೆಳಗಿನ ಮಂಗಳದವರೆಗೆ ಒಳಗೆ. ಹಾಲಿನಲ್ಲಿ ಇನ್ನೂರು ಜನ ಹಿಡಿಯುತ್ತಾರೆ. ಎರಡು ಗಂಟೆಯ ಮೇಲೆ ಅಷ್ಟೇ ಜನ ಇರುತ್ತಾರೆ.

ಮೇಳದವರನ್ನು ಕೇಳಿದ್ದೇನೆ. ನಡುವೆ ರಂಗಸ್ಥಳ ಬದಲಿಸುವುದು ಸರಿಯಾ ಅಂತ ಯೋಚಿಸಿ ಹೇಳುತ್ತೇವೆ ಅಂದಿದ್ದಾರೆ.

ಪಡುವಣ ಗಾಳಿ · 8:22

9:15 ನಡುರಾತ್ರಿ ಅಲ್ಲ. ಆದರೂ ದೀಪ ಆರಿಸುತ್ತೀರಿ ಅಂದರಲ್ಲ, ನಾನು ಬರುತ್ತೇನೆ.

ಕರಿಕೋಟು · 8:30

ಹಾಲ್ ಮುಚ್ಚಿದ್ದರೂ ಹೊರಗಿನ ಮಿತಿ ತಪ್ಪುವುದಿಲ್ಲ, ನೆನಪಿರಲಿ. ಅನುಮತಿ ಪತ್ರದಲ್ಲಿ ಗದ್ದೆ ಮತ್ತು ಹಾಲ್ ಎರಡನ್ನೂ ಬರೆಸಿ.

ರಾತ್ರಿ ಪಾಳಿ · 8:34

ಆ ಅಮ್ಮನಿಗೆ ಎದುರಿನ ಸಾಲಿನಲ್ಲಿ ಒಂದು ಒಳ್ಳೆಯ ಕುರ್ಚಿ ಇಡಿ. ಬೆನ್ನಿಗೆ ಒರಗುವಂಥದ್ದು.

ಮೈಕ್ ಸೆಟ್ · 8:41

ಹಾಲಿನ ಮಾಡು ಏನು? ತಾರಸಿಯಾ, ಶೀಟಾ, ಹೆಂಚಾ?

ಚೌಕಿ ಬಾಗಿಲು · 8:43

ಹೆಂಚು ಅಣ್ಣ. ಕೆಳಗೆ ಸೀಲಿಂಗ್ ಇಲ್ಲ.

ಮೈಕ್ ಸೆಟ್ · 8:46

ಹಾಗಾದರೆ ಚೆಂಡೆ ಪೂರ್ತಿ ಹೆಂಚಿನ ಸಂದಿಯಲ್ಲಿ ಹೊರಗೆ ಹೋಗುತ್ತದೆ. ಬಾಗಿಲು ಹಾಕಿ ಪ್ರಯೋಜನ ಇಲ್ಲ. ನಾಡಿದ್ದು ಆ ಕಡೆ ಒಂದು ಮದುವೆ ಕೆಲಸ ಇದೆ, ಮೀಟರ್ ತರುತ್ತೇನೆ. ಎಡಬಲ, ನೀವೂ ಚೆಂಡೆ ಹಿಡಿದುಕೊಂಡು ಬನ್ನಿ. ಒಬ್ಬರು ಫ್ಲ್ಯಾಟಿನ ಕಿಟಕಿಯಲ್ಲಿ ನಿಲ್ಲಬೇಕು.

ಎಡಬಲ · 8:50

ಎಷ್ಟು ಗಂಟೆಗೆ?